ಮಮ್ಮಿ, ಸ್ವಲ್ಪ ಎಡಕ್ಕೆ

ಜುಲೈ 29, ಮಂಗಳವಾರ

ಕಣ್ಣಿನ ಡಾಕ್ಟರು ಬರೆಯಲು ಹೇಳಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ನನಗೆಂತ ಹುಚ್ಚಾ.

ಡಾಕ್ಟರ್ ಚೈತಾಲಿಗೆ ಹೆಚ್ಚೆಂದರೆ ಮೂವತ್ತು ವರ್ಷ. ಕಣ್ಣಿಗೆ ಬೆಳಕು ಬಿಟ್ಟು ನೋಡಿ, ದಿನಕ್ಕೆ ಎಷ್ಟು ಗಂಟೆ ಸ್ಕ್ರೀನ್ ಎಂದು ಕೇಳಿದರು. ಹತ್ತು ಎಂದೆ. ಪಕ್ಕದಲ್ಲಿ ಕೂತಿದ್ದ ಶರೊನ್ ಹದಿನಾಲ್ಕು ಎಂದಳು. ಹೆಂಡತಿ ನರ್ಸ್ ಆದರೆ ಇದೇ ತೊಂದರೆ, ಡಾಕ್ಟರರ ಎದುರು ಒಂದು ಸುಳ್ಳು ಹೇಳಲಿಕ್ಕಾಗುವುದಿಲ್ಲ. ಕಣ್ಣು ಒಣಗಿದೆಯಂತೆ, ಎರಡೆರಡು ಕಾಣುವುದೂ ತಲೆನೋವೂ ಅದರಿಂದಲೇ ಅಂತೆ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಇಪ್ಪತ್ತು ಅಡಿ ದೂರದ್ದನ್ನು ಇಪ್ಪತ್ತು ಸೆಕೆಂಡು ನೋಡಬೇಕು. ಭಾನುವಾರ ಫೋನು, ಲ್ಯಾಪ್‌ಟಾಪು, ಟಿವಿ ಯಾವುದೂ ಇಲ್ಲ. ಮತ್ತೆ, ನೋಡಿದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು.

"ನಾನು ಅದನ್ನು ಓದುವುದಿಲ್ಲ. ಬರೆಯದಿದ್ದರೆ ನೀವು ನೋಡುವುದೂ ಇಲ್ಲ, ಅದಕ್ಕೆ ಹೇಳಿದ್ದು" ಎಂದರು. ಸಣ್ಣ ಪ್ರಾಯಕ್ಕೆ ಇಷ್ಟು ಬುದ್ಧಿ ಬೇಡವಿತ್ತು.

ನಮ್ಮ ಮನೆಯ ಮಾತೆಲ್ಲ ಕೊಂಕಣಿ. ಬರೆಯಲು ಕೂತರೆ ಮಾತ್ರ ಕೈ ಕನ್ನಡಕ್ಕೇ ಹೋಗುತ್ತದೆ. ಪಪ್ಪಾ ಹೈಸ್ಕೂಲಿನಲ್ಲಿ ಕನ್ನಡ ಮಾಸ್ಟರು, ಮನೆಯಲ್ಲೂ ಮಾಸ್ಟರೇ. ಮೇ ಹದಿನೆಂಟಕ್ಕೆ ತೀರಿಕೊಂಡರು.

ಇವತ್ತು ನೋಡಿದ್ದು: ಗೋಡೆ.

ಜುಲೈ 30, ಬುಧವಾರ

ಟೇಪ್ ಹಿಡಿದು ಅಳೆದೆ. ಎಡಿಟಿಂಗ್ ಕೋಣೆಯ ಹಿಂಬಾಗಿಲ ಮೆಟ್ಟಿಲಿನಿಂದ ಸರಿಯಾಗಿ ಇಪ್ಪತ್ತು ಅಡಿಗೆ ಪಕ್ಕದ ಮನೆಯ ಡಾಲಿ ಬಾಯಿಯ ಕಂಪೌಂಡು ಗೋಡೆ. ಅದರಾಚೆ ಅವರ ಬಟ್ಟೆ ಒಣಗಿಸುವ ಹಗ್ಗ. ಸಮುದ್ರ ಇರುವ ಊರಿನಲ್ಲಿ ಶಕ್ತಿನಗರದ ಈ ಗೋಡೆ ನನ್ನ ಪಾಲಿಗೆ ಬಂದಿದೆ.

ಇಪ್ಪತ್ತು ಸೆಕೆಂಡು ಸಣ್ಣದಲ್ಲ. ಹನ್ನೊಂದಕ್ಕೇ ಕೈ ಕಿಸೆಗೆ ಹೋಯಿತು. ಫೋನು ಒಳಗೆ ಚಾರ್ಜಿಗಿಟ್ಟದ್ದು ಗೊತ್ತಿತ್ತು. ಆದರೂ ಎರಡು ಸಲ ಮುಟ್ಟಿ ನೋಡಿದೆ.

ನೋಡಿದ್ದು: ಗೋಡೆ, ಹಗ್ಗ.

ಆಗಸ್ಟ್ 1, ಶುಕ್ರವಾರ

ಇವತ್ತು ಒಂದು ಮರಣದ ಲೈವ್ ಇತ್ತು, ಕುಲಶೇಖರದಲ್ಲಿ. ನಾನು ಮತ್ತು ಪಾರ್ಟ್‌ನರ್ ಎಲ್ರೊಯ್ ಮದುವೆ, ಮದುವೆಯ ಹಿಂದಿನ ದಿನದ ರೋಸು, ನಾಮಕರಣ ಎಲ್ಲದರ ವಿಡಿಯೋ ಮಾಡುತ್ತೇವೆ. ಮಳೆಗಾಲದಲ್ಲಿ ಮದುವೆ ಕಡಿಮೆ, ಮರಣಕ್ಕೆ ಮಾತ್ರ ಸೀಸನ್ ಇಲ್ಲ. ನಮ್ಮವರಲ್ಲಿ ಮನೆಯಲ್ಲೊಬ್ಬರು ತೀರಿಕೊಂಡರೆ ಮಕ್ಕಳಲ್ಲಿ ಅರ್ಧ ಕುವೈಟಿನಲ್ಲಿ, ದುಬಾಯಿಯಲ್ಲಿ. ರಜೆ ಸಿಗುವುದಿಲ್ಲ, ಟಿಕೆಟ್ ಸಿಗುವುದಿಲ್ಲ. ಅವರಿಗಾಗಿ ಮನೆಯಿಂದ ಇಗರ್ಜಿಗೆ, ಇಗರ್ಜಿಯಿಂದ ಸಮಾಧಿಗೆ ಯೂಟ್ಯೂಬಿನಲ್ಲಿ ತೋರಿಸುತ್ತೇವೆ. ಪೆಟ್ಟಿಗೆ ಮುಚ್ಚುವ ಮೊದಲು ಮನೆಯವರು ಬಂದು ಮುತ್ತಿಡುವ ಹೊತ್ತು ಎಲ್ಲದಕ್ಕಿಂತ ಮುಖ್ಯ. ದೂರದಲ್ಲಿರುವವರು ಕಾದು ಕೂತಿರುವುದು ಆ ಮುಖಕ್ಕೆ. ಹೆಂಡತಿಯೋ ತಾಯಿಯೋ ಯಾವಾಗಲೂ ಕ್ಯಾಮೆರಾಕ್ಕೆ ಅಡ್ಡ ಬಾಗುತ್ತಾರೆ. ಆಗ ನಾನು ಮೆಲ್ಲಗೆ "ಸ್ವಲ್ಪ ಎಡಕ್ಕೆ" ಎನ್ನುತ್ತೇನೆ. ಹನ್ನೊಂದು ವರ್ಷದಲ್ಲಿ ಆಗುವುದಿಲ್ಲ ಎಂದವರು ಒಬ್ಬರಿಲ್ಲ. ಸರಿಯುತ್ತಾರೆ.

ಪಪ್ಪಾನ ದಿನವೂ ಹೇಳಿದೆ. ಇದನ್ನು ಒಂದು ಸಲ ಬರೆದು ಮುಗಿಸುತ್ತೇನೆ. ಅಣ್ಣ ರೂಬನ್‌ಗೆ ಕುವೈಟಿನಿಂದ ಬರಲಿಕ್ಕಾಗಲಿಲ್ಲ. ಬೇರೆ ಯಾರಾದರೂ ಮಾಡಿದರೆ ಹಾಳು ಮಾಡ್ತಾರೆ, ನೀನೇ ಮಾಡು ಎಂದ. ಎಲ್ರೊಯ್ ನನ್ನ ಕೈ ಹಿಡಿದು, "ಇವತ್ತು ನೀನು ಮಗ ಮಾರಾಯ, ಕ್ಯಾಮೆರಾ ನಾನು ನೋಡ್ತೇನೆ" ಎಂದ. ನಾನು ಕೊಡಲಿಲ್ಲ. ಪೆಟ್ಟಿಗೆಯೊಳಗಿನ ಬಿಳಿ ಸ್ಯಾಟಿನ್ ಎಲ್ರೊಯ್ ಶೂಟ್ ಮಾಡಿದರೆ ಬೆಳಕು ಹೆಚ್ಚಾಗಿ ಬರೇ ಬಿಳಿ ಕಾಣುತ್ತದೆ ಎಂದು ಸಬೂಬು ಹೇಳಿದೆ. ನಿಜವೆಂದರೆ ಕೈಗೆ ಒಂದು ಕೆಲಸ ಇಲ್ಲದೆ ಅಲ್ಲಿ ನಿಲ್ಲಲು ನನಗೆ ಧೈರ್ಯ ಇರಲಿಲ್ಲ.

ಸಮಾಧಿಯ ಬಳಿ ಮಮ್ಮಿ ಬಾಗಿದಳು. ಅವಳ ತಲೆಯ ಕರಿ ಶಾಲು ಪಪ್ಪಾನ ಮುಖಕ್ಕೆ ಪೂರ್ತಿ ಅಡ್ಡ ಬಂತು. "ಮಮ್ಮಿ, ಸ್ವಲ್ಪ ಎಡಕ್ಕೆ" ಎಂದೆ. ಮೈಕಿನಲ್ಲಿ ಸರಿಯಾಗಿ ಕೇಳಿದೆ. ನಾನೂರ ಹನ್ನೆರಡು ಜನ ಲೈವ್ ನೋಡುತ್ತಿದ್ದರು. ಮಮ್ಮಿ ಸರಿದಳು, ಪೆಟ್ಟಿಗೆ ಮುಚ್ಚಿದರು.

ಏಳನೇ ದಿನದ ಪೂಜೆ ಮುಗಿಸಿ ಅವಳು ನನ್ನ ತಂಗಿ ಟಾನ್ಯಾನ ಜೊತೆ ಬಜಪೆಗೆ ಹೋದಳು, ಎರಡು ವಾರಕ್ಕೆಂದು. ಈಗ ಎರಡು ತಿಂಗಳು ದಾಟಿತು. ಫೋನ್ ಮಾಡಿದರೆ ಟಾನ್ಯಾನೇ ಎತ್ತುತ್ತಾಳೆ, ಮಮ್ಮಿ ಮಲಗಿದ್ದಾಳೆ, ಮಮ್ಮಿ ಸ್ನಾನಕ್ಕೆ ಹೋಗಿದ್ದಾಳೆ. ಇಷ್ಟು ಸ್ನಾನ ಮಾಡುವವರು ಯಾರೂ ಇಲ್ಲ. ಅವಳಿಗೆ ನನ್ನ ಮೇಲೆ ಸಿಟ್ಟು ಬಂದದ್ದು ನ್ಯಾಯವೇ. ನನಗೆ ಮಾತ್ರ ಏನೂ ಆಗುವುದಿಲ್ಲ. ಬೇಸರವೂ ಇಲ್ಲ, ಅಳುವೂ ಇಲ್ಲ. ಜ್ವರ ಬಿಟ್ಟ ಮರುದಿನದ ಬಾಯಿಯ ಹಾಗೆ ಎಲ್ಲ ಸಪ್ಪೆ. ಮಮ್ಮಿ ಮನೆಗೆ ವಾಪಸು ಬರಬೇಕು, ಅಷ್ಟು ಗೊತ್ತು. ಹೇಗೆ ಎಂದು ಗೊತ್ತಿಲ್ಲ.

ನೋಡಿದ್ದು: ಗೋಡೆ, ಪಾಚಿ.

ಆಗಸ್ಟ್ 3, ಭಾನುವಾರ

ಶರೊನ್ ನನ್ನ ಫೋನನ್ನು ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟು ಡ್ಯೂಟಿಗೆ ಹೋದಳು. ಹುಗಿದದ್ದು ಎಲ್ಲಿ ಎಂದು ನನಗೆ ಗೊತ್ತಿದೆ ಎಂದು ಅವಳಿಗೂ ಗೊತ್ತಿದೆ. ತೆಗೆಯಲಿಲ್ಲ. ಹನ್ನೊಂದು ಗಂಟೆಗೆ ಮಾಡಲು ಏನೂ ಉಳಿಯದೆ ಬಜಪೆ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಎಲ್ಲರ ತಲೆ ಕೆಳಗಿತ್ತು. ನಾನೊಬ್ಬ ಎತ್ತಿ ಕೂತಿದ್ದೆ, ಪೆದ್ದನ ಹಾಗೆ.

ಮಮ್ಮಿ ಟಾನ್ಯಾನ ಹಿಂದಿನ ವರಾಂಡದಲ್ಲಿದ್ದಳು. ನನ್ನನ್ನು ನೋಡಿ ಎದ್ದು ಒಳಗೆ ಹೋಗಿ, ಅವನಿಗೆ ಬಡಿಸು ಎಂದು ಟಾನ್ಯಾಗೆ ಹೇಳಿದ್ದು ಕೇಳಿಸಿತು. ಉಂಡೆ. ವರಾಂಡದಲ್ಲಿ ಆಚೆ ಒಂದು ಕುರ್ಚಿ, ಈಚೆ ಒಂದು ಕುರ್ಚಿ ಹಾಕಿ ಒಂದು ಗಂಟೆ ಕೂತೆವು. ಎರಡು ವಿಮಾನ ಹೋದವು. ನಾಲ್ಕರ ಬಸ್ಸಿಗೆ ಬಂದೆ.

ಆಗಸ್ಟ್ 6, ಬುಧವಾರ

ಇವತ್ತು ಮರ್ಯಾದೆ ಹೋಯಿತು. ಡಾಲಿ ಬಾಯಿ ಶರೊನ್‌ನನ್ನು ಗೇಟಿನಲ್ಲಿ ನಿಲ್ಲಿಸಿ, ನಿನ್ನ ಗಂಡ ನಾನು ಬಟ್ಟೆ ಒಣಗಿಸುವ ಹೊತ್ತಿಗೇ ಬಂದು ನಿಂತು ನೋಡ್ತಾನೆ, ಪುನಃ ಒಳಗೆ ಹೋಗ್ತಾನೆ, ಪುನಃ ಬರ್ತಾನೆ, ಎಂತ ವಿಷಯ ಎಂದು ಕೇಳಿದರಂತೆ. ಡಾಲಿ ಬಾಯಿಗೆ ಎಪ್ಪತ್ತೊಂದು ವರ್ಷ. ಶರೊನ್ ಡಾಕ್ಟರರ ಚೀಟಿ ತೋರಿಸಿ ಸಮಾಧಾನ ಮಾಡಿ ಬಂದಳಂತೆ. ರಾತ್ರಿ ಊಟಕ್ಕೆ ಕೂತವಳು ನೆನಪಾದಾಗೆಲ್ಲ ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡಳು. ಪಪ್ಪಾ ಹೋದ ಮೇಲೆ ಈ ಮನೆಯಲ್ಲಿ ಯಾರಾದರೂ ನಕ್ಕದ್ದು ಇದೇ ಮೊದಲು ಇರಬೇಕು. ನನಗೆ ನಗು ಬರಲಿಲ್ಲ. ಆದರೆ ಅವಳು ನಗುವುದನ್ನು ನೋಡುತ್ತ ಕೂತೆ.

ನೋಡಿದ್ದು: ಗೋಡೆಯ ಮೇಲಿನ ಪಾಚಿ ಮಳೆ ಬಿಟ್ಟ ಹೊತ್ತಿಗೆ ಬೇರೆ ಹಸಿರು. ಡಾಲಿ ಬಾಯಿ ಕ್ಲಿಪ್ಪುಗಳನ್ನು ಬಾಯಲ್ಲಿ ಕಚ್ಚಿಕೊಂಡು ಒಂದೊಂದಾಗಿ ತೆಗೆಯುತ್ತಾರೆ. ಅವರ ಗಂಡನ ಶರ್ಟು ಈಗಲೂ ಒಗೆದು ಹಾಕುತ್ತಾರೆ. ಗಂಡ ಹೋಗಿ ಆರು ವರ್ಷ ಆಯಿತು. ಇನ್ನು ಮೇಲೆ ಅವರು ಹಗ್ಗದ ಹತ್ತಿರ ಇದ್ದರೆ ನಾನು ಹೊರಗೆ ಹೋಗುವುದಿಲ್ಲ.

ಆಗಸ್ಟ್ 10, ಭಾನುವಾರ

ಬಜಪೆಗೆ ಹೋದೆ. ವರಾಂಡದಲ್ಲಿ ಅದೇ ಕುರ್ಚಿ. ಮಮ್ಮಿ ಒಂದು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅಂಗಡಿಯಿಂದ ಪ್ಯಾಕೆಟ್ಟಿನಲ್ಲಿ ಬಂದ ಅಕ್ಕಿಯಲ್ಲಿ ಕಲ್ಲು ಎಲ್ಲಿಂದ, ಆದರೂ ಆರಿಸುತ್ತಾಳೆ. ಅರ್ಧ ಗಂಟೆ ಕಳೆದ ಮೇಲೆ, ಮೊರದಿಂದ ಕಣ್ಣೆತ್ತದೆ ಕೇಳಿದಳು.

"ಪುತಾ, ಪಪ್ಪಾನ ಮುಖ ಹೇಗಿತ್ತು? ಕೊನೆಗೆ."

ಮೇ ನಂತರ ನನ್ನೊಡನೆ ಆಡಿದ ಮೊದಲ ಮಾತು ಇದು. ನನ್ನ ಬಾಯಿಯಿಂದ ಬಂದದ್ದು, ವಿಡಿಯೋದಲ್ಲಿ ಉಂಟು ಮಮ್ಮಿ, ಟಾನ್ಯಾನ ಫೋನಿನಲ್ಲಿ ತೋರಿಸಲಾ, ಎಂದು. ಮಮ್ಮಿಯ ಮುಖ ಒಂದು ರೀತಿ ಆಯಿತು. ಮೊರ ಕೆಳಗಿಟ್ಟು ಒಳಗೆ ಹೋದವಳು ನಾನು ಹೊರಡುವವರೆಗೆ ಬರಲಿಲ್ಲ. ಟಾನ್ಯಾ ನನ್ನನ್ನು ನೋಡಿ, ನಿನಗೆ ಬುದ್ಧಿ ಎಂಬುದು ಉಂಟಾ ಸೆಡ್ಡಿ ಎಂದು ನನ್ನ ಹೆಸರು ಹಿಡಿದೇ ಕೇಳಿದಳು. ಇಲ್ಲ ಎಂದೆ.

ಅಡ್ಡ ಬಂದಳೆಂದು ಅವಳನ್ನು ಸರಿಸಿದವನು ನಾನು. ಹಾಗಾದರೆ ನೀನು ನೋಡಿದ್ದು ಏನು, ಹೇಳು ಎಂದು ಕೇಳುತ್ತಿದ್ದಾಳೆ. ಕೇಳುವ ಹಕ್ಕು ಅವಳಿಗಿದೆ.

ಆಗಸ್ಟ್ 11, ಸೋಮವಾರ

ಬೆಳಿಗ್ಗೆ ಎದ್ದದ್ದೇ ಪಪ್ಪಾನ ಮರಣದ ವಿಡಿಯೋ ಹಾಕಿದೆ. ಹೊಸದೇನಲ್ಲ. ಹೆಚ್ಚುಕಡಿಮೆ ದಿನಾ ಹಾಕುತ್ತೇನೆ, ಲೆಕ್ಕದಲ್ಲಿ ಇದು ಅರುವತ್ತಮೂರನೇ ಸಲ. ಎರಡು ಗಂಟೆ ಹದಿನಾಲ್ಕನೇ ನಿಮಿಷಕ್ಕೆ ಮಮ್ಮಿ ಬಾಗುತ್ತಾಳೆ, ಶಾಲು ಅಡ್ಡ ಬರುತ್ತದೆ. ಆಮೇಲೆ ನನ್ನ ಸ್ವರ. ಅದು ಬರುವ ಹೊತ್ತಿಗೆ ಪ್ರತಿ ಸಲವೂ ನನ್ನ ಕಣ್ಣು ಕೆಳಗೆ, ಸೌಂಡಿನ ಗೆರೆಯ ಮೇಲೆ ಇರುತ್ತದೆ. ಗೆರೆ ಗುಡ್ಡದ ಹಾಗೆ ಏಳುತ್ತದೆ, ಇಳಿಯುತ್ತದೆ. ಪುನಃ ಮೇಲೆ ನೋಡುವಾಗ ಪೆಟ್ಟಿಗೆಯ ಮುಚ್ಚಳ ಅರ್ಧ ಬಂದಿರುತ್ತದೆ.

ಮಮ್ಮಿಗೆ ಹೇಳಲಿಕ್ಕೆಂದು ಇಲ್ಲಿ ಬರೆದು ನೋಡಿದೆ. ಪಪ್ಪಾನ ಮುಖ: ಬಿಳಿ ಜಾಸ್ತಿ. ಬಲಗಡೆ ನೆರಳು ಗಟ್ಟಿ. ಫೋಕಸ್ ಸರಿ ಇದೆ.

ಇಷ್ಟೇ. ಮಗ ನೋಡಿದ್ದು ಇಷ್ಟು. ಇನ್ನು ಅದನ್ನು ಹಾಕುವುದಿಲ್ಲ.

ಆಗಸ್ಟ್ 14, ಗುರುವಾರ

ತಲೆನೋವು ಇಲ್ಲ. ಮಳೆ.

ಆಗಸ್ಟ್ 19, ಮಂಗಳವಾರ

ಸುರತ್ಕಲ್ ಕಡೆ ಮರಣ. ಹೋಗುವಾಗ ಕೂಳೂರು ಸೇತುವೆಯ ಮೇಲೆ ಬ್ಲಾಕ್, ಮುಕ್ಕಾಲು ಗಂಟೆ. ಎಲ್ರೊಯ್ ವ್ಯಾನಿನ ಸ್ಟೇರಿಂಗಿಗೆ ತಲೆ ಇಟ್ಟು ರೀಲ್ಸ್ ನೋಡುತ್ತಿದ್ದ. ನಾನು ಹೊಳೆ ನೋಡಿದೆ. ನೀರು ಕೆಂಪು, ನಡುವೆ ಒಬ್ಬ ದೋಣಿಯಲ್ಲಿ ನಿಂತು ನೀರಿನಡಿಯ ಮರಳನ್ನು ಗೋರಿ ಎತ್ತುತ್ತಿದ್ದ, ಎತ್ತಿದಾಗೆಲ್ಲ ದೋಣಿ ಒಂದು ಬದಿಗೆ ವಾಲಿ ಪುನಃ ಸಮ ಆಗುತ್ತಿತ್ತು. ಹಿಂದಿನ ಲಾರಿಯವನು ಹಾರ್ನ್ ಹಾಕಿದಾಗ ನಾವಿಬ್ಬರೂ ಹೆದರಿದೆವು.

ಮರಣದ ಮನೆಯಲ್ಲಿ ನನ್ನಿಂದ ಕೆಲಸ ಕೆಟ್ಟಿತು. ತೀರಿಕೊಂಡವರ ಹೆಂಡತಿ ದಪ್ಪ ಹೆಂಗಸು, ಸರಿಯಾಗಿ ಕ್ಯಾಮೆರಾಕ್ಕೆ ಬೆನ್ನು ಹಾಕಿ ಬಾಗಿದರು. ಹೇಳಬೇಕಾದದ್ದು ಎರಡೇ ಶಬ್ದ. ನಾಲಗೆ ಏಳಲಿಲ್ಲ. ಅವರು ಗಂಡನ ಕೋಟಿನ ಗುಂಡಿ ಹಾಕುತ್ತಿದ್ದರು. ಹಾಕಿದ್ದನ್ನು ತೆಗೆದು ಪುನಃ ಹಾಕುತ್ತಿದ್ದರು. ಕುತ್ತಿಗೆಯಲ್ಲಿ ಬೆವರುಸಾಲೆ ಎದ್ದಿತ್ತು, ಕಿವಿಯ ಹಿಂದೆ ಪೌಡರು ಬಿಳಿ ಬಿಳಿಯಾಗಿ ಉಳಿದಿತ್ತು. ಎರಡು ನಿಮಿಷ ನಾನೂರು ಐನೂರು ಜನಕ್ಕೆ ಅವರ ಬೆನ್ನು ಮಾತ್ರ ಕಂಡಿತು. ಮುಖ ಕಾಣುವುದಿಲ್ಲ, ಮುಖ ತೋರಿಸಿ ಎಂದು ಕಾಮೆಂಟು ಸಾಲಾಗಿ ಬಂತು. ದುಬಾಯಿಯ ಮಗ ಸಂಜೆ ಫೋನ್ ಮಾಡಿ ಬೈದ. ಬೈದದ್ದು ತಪ್ಪಲ್ಲ.

ವಾಪಸು ಬರುವಾಗ ಎಲ್ರೊಯ್ ನಿನಗೆಂತ ಆದದ್ದು ಮಾರಾಯ ಎಂದು ಕೇಳಿದ. ಗಂಟಲು ಕಟ್ಟಿದೆ ಎಂದೆ. ಒಂದು ವಾರ ಮನೆಯಲ್ಲಿರು, ನಾನು ಮತ್ತು ಜಯ ನೋಡಿಕೊಳ್ಳುತ್ತೇವೆ ಎಂದ. ಜಯ ಬೇರೆ ಸ್ಟುಡಿಯೋದವನು, ಅವನ ಕ್ಯಾಮೆರಾ ನಮ್ಮದಕ್ಕಿಂತ ಒಳ್ಳೆಯದು. ನಾನು ಸರಿ ಎಂದು ಹೇಳಿಬಿಟ್ಟೆ. ಕೆಲಸ ಬಿಟ್ಟುಕೊಡುವ ಜಾತಿಯವನಲ್ಲ ನಾನು, ಆಯಾಸ ಆಗಿರಬೇಕು.

ಆಗಸ್ಟ್ 24, ಭಾನುವಾರ

ಮಮ್ಮಿ ಅಲಸಂಡೆ ಮುರಿಯುತ್ತಿದ್ದಳು. ನಾನೂ ಒಂದು ಹಿಡಿ ಎಳೆದುಕೊಂಡು ಕೂತೆ. ಬೇಡ ಎನ್ನಲಿಲ್ಲ. ಅವಳು ಮುರಿಯುವುದು ಬೆರಳಿನ ಒಂದು ಗೆಣ್ಣಿನಷ್ಟು ಉದ್ದಕ್ಕೆ, ನಾನು ಮುರಿದದ್ದು ಉದ್ದ ಆಯಿತು. ನನ್ನದನ್ನೆಲ್ಲ ತೆಗೆದು ಪುನಃ ಮುರಿದಳು. ಎಡಗೈಯ ಉಂಗುರದ ಬೆರಳು ಸಣ್ಣಗಾಗಿದೆ, ಉಂಗುರ ಜಾರದ ಹಾಗೆ ನೂಲು ಸುತ್ತಿದ್ದಾಳೆ. ಬಿಳಿ ನೂಲು, ಅರಸಿನ ಹಿಡಿದು ಹಳದಿಯಾಗಿದೆ. ಹಣೆಯ ಹತ್ತಿರ ಕೂದಲು ತುಂಬ ಉದುರಿದೆ. ಮೇಯಲ್ಲಿ ಇಷ್ಟು ಇರಲಿಲ್ಲ ಎಂದು ಅನಿಸಿತು, ಆದರೆ ಮೇಯಲ್ಲಿ ಹೇಗಿತ್ತು ಎಂದು ನೆನಪು ಮಾಡಿದರೆ ಸಿಗುವುದಿಲ್ಲ.

ಆಗ ರೂಬನ್‌ನ ವಿಡಿಯೋ ಕಾಲ್ ಬಂತು. ಟಾನ್ಯಾ ಫೋನ್ ಹಿಡಿದುಕೊಂಡು ವರಾಂಡಕ್ಕೆ ಬಂದದ್ದೇ, ಮಮ್ಮಿ ಸೆರಗು ಮುಖಕ್ಕೆ ಎಳೆದು ಎದ್ದು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿದಳು. ಕಾಲ್ ಮುಗಿಯುವವರೆಗೆ ಒಳಗೇ ಇದ್ದಳು. ಮಮ್ಮಿ ಯಾರ ವಿಡಿಯೋ ಕಾಲಿಗೂ ಬರುವುದಿಲ್ಲ, ತನ್ನ ಮಕ್ಕಳ ಬರ್ತ್‌ಡೇ ಫೋಟೊಕ್ಕೂ ನಿಲ್ಲಲಿಲ್ಲ ಎಂದು ಟಾನ್ಯಾ ಹೇಳಿದಳು.

ಕ್ಯಾಮೆರಾ ಕಂಡರೆ ನನ್ನ ನೆನಪಾಗುತ್ತದೆ, ಅದಕ್ಕೆ. ಬೇರೆ ಏನಿರುತ್ತದೆ.

ಬಸ್ಸಿನಲ್ಲಿ ಕೈ ಮೂಸಿದೆ, ಅಲಸಂಡೆಯ ಹಸಿ ವಾಸನೆ ಇತ್ತು.

ಆಗಸ್ಟ್ 30, ಶನಿವಾರ

ಇವತ್ತಿನಿಂದ ಮೊಂತಿ ಹಬ್ಬದ ನೊವೇನ, ಒಂಬತ್ತು ದಿನದ ಪ್ರಾರ್ಥನೆ. ಅಕ್ಕಪಕ್ಕದ ಮಕ್ಕಳು ಬುಟ್ಟಿಯಲ್ಲಿ ಹೂ ಹಿಡಿದುಕೊಂಡು ಬೆಳಿಗ್ಗೆಯೇ ಇಗರ್ಜಿಗೆ ಹೋದರು. ಸೆಪ್ಟೆಂಬರ್ ಎಂಟಕ್ಕೆ ಹಬ್ಬ. ಸಾವಾದ ಮನೆಯಲ್ಲಿ ಹಬ್ಬ ಜೋರಿಲ್ಲ, ಆದರೆ ಇಗರ್ಜಿಯಲ್ಲಿ ಆಶೀರ್ವಾದ ಮಾಡಿಕೊಟ್ಟ ತೆನೆ ತಂದು ಹೊಸ ಅಕ್ಕಿ ಎಲ್ಲರೂ ಒಟ್ಟಿಗೆ ಬಾಯಿಗೆ ಹಾಕಬೇಕು. ಅದನ್ನು ಬಿಡುವ ಹಾಗಿಲ್ಲ. ಪ್ರತಿ ವರ್ಷ ಈ ಮನೆಯಲ್ಲಿ ಪಪ್ಪಾ ಹಂಚುತ್ತಿದ್ದರು. ಈ ವರ್ಷ ಬಜಪೆಯಲ್ಲೇ ಎಂದು ಮಮ್ಮಿ ಟಾನ್ಯಾನ ಹತ್ತಿರ ಹೇಳಿ ಕಳಿಸಿದ್ದಾಳೆ. ಈ ಮನೆಯ ಮೆಟ್ಟಿಲು ಹತ್ತಲು ಅವಳಿಗೆ ಮನಸ್ಸಿಲ್ಲ ಎಂದಾಯಿತು.

ರೂಬನ್ ಫೋನ್ ಮಾಡಿದ. ಊಟದ ಮೇಜಿನ ಎದುರು ಒಂದು ಕ್ಯಾಮೆರಾ ಇಡು, ನಾನೂ ಇಲ್ಲಿಂದ ಕೂತು ಪ್ರಾರ್ಥನೆ ಹೇಳ್ತೇನೆ ಎಂದ. ಕ್ಯಾಮೆರಾ ತರುವುದಿಲ್ಲ ಎಂದೆ. ದೊಡ್ಡ ಜನ ಆದೆಯಾ ಎಂದು ಕೇಳಿದ. ಪಾಪ, ಅವನು ಅಲ್ಲಿ ಒಬ್ಬನೇ ರೂಮಿನಲ್ಲಿ ಕೂತು ಅಪ್ಪನ ಮರಣ ನೋಡಿದವನು. ಕೊನೆಗೆ ಟಾನ್ಯಾನ ಫೋನಿನಲ್ಲಿ ಕಾಲ್ ಎಂದು ತೀರ್ಮಾನ ಆಯಿತು.

ಡಾಲಿ ಬಾಯಿ ಇವತ್ತು ಗೋಡೆಯ ಮೇಲಿಂದ ಕೈ ಚಾಚಿ, ಅಲ್ಲಿ ನಿಂತು ನೋಡುವ ಬದಲು ತಿನ್ನು ಎಂದು ಎರಡು ಪೇರಳೆ ಕೊಟ್ಟರು.

ಸೆಪ್ಟೆಂಬರ್ 8, ಸೋಮವಾರ

ಇದನ್ನು ಕ್ರಮವಾಗಿ ಬರೆಯಬೇಕು.

ಪೂಜೆ ಮುಗಿಸಿ ಟಾನ್ಯಾನ ಮನೆಗೆ ಬಂದೆವು. ಬಾಳೆಎಲೆ ಹಾಕಿದರು. ಎಲ್ಲ ತರಕಾರಿಯೇ, ಐದು ಬಗೆ. ಟಾನ್ಯಾ ಫೋನನ್ನು ನೀರಿನ ಜಗ್ಗಿಗೆ ಒರಗಿಸಿಟ್ಟಳು, ರೂಬನ್ ಅದರೊಳಗೆ ಹೊಸ ಶರ್ಟು ಹಾಕಿ ಕೂತಿದ್ದ. ಪ್ರಾರ್ಥನೆ ಆಯಿತು. ಮಮ್ಮಿ ಹೊಸ ಅಕ್ಕಿ ಬೆರೆಸಿದ ತೆಂಗಿನ ಹಾಲಿನ ಪಾತ್ರೆ ಹಿಡಿದು ಒಬ್ಬೊಬ್ಬರಿಗೆ ಒಂದು ಚಮಚ ಹಾಕುತ್ತ ಬಂದಳು. ಮುಖ ಪಾತ್ರೆಯಲ್ಲೇ ಇತ್ತು. ಜಗ್ಗಿನ ಹತ್ತಿರ ಬಂದಾಗ ರೂಬನ್, "ಮಮ್ಮಿ, ಈಚೆ ಒಮ್ಮೆ ನೋಡು" ಎಂದ. ಅವಳು ಮುಖ ತಿರುಗಿಸಿದ ರಭಸಕ್ಕೆ ಚಮಚದಲ್ಲಿದ್ದದ್ದು ಮೇಜಿನ ಮೇಲೆ ಚೆಲ್ಲಿತು.

ನಾನು ಫೋನ್ ತೆಗೆದು ಮಗುಚಿ ಇಟ್ಟೆ. ಯಾಕೆಂದು ಯೋಚಿಸಿ ಮಾಡಿದ್ದಲ್ಲ. ಮಗುಚಿದ ಫೋನಿನೊಳಗಿಂದ ರೂಬನ್ ಹಲೋ ಹಲೋ ಎನ್ನುತ್ತಿದ್ದ. ಶರೊನ್ ಅದನ್ನು ಎತ್ತಿಕೊಂಡು ಹಾಲಿಗೆ ಹೋಗಿ ಅವನಿಗೆ ಏನೋ ಹೇಳಿ ಸಮಾಧಾನ ಮಾಡಿದಳು.

ಊಟದ ನಂತರ ಮಮ್ಮಿ ಮನೆಯ ಹಿಂದಿನ ಕಲ್ಲಿನ ಹತ್ತಿರ ಪಾತ್ರೆ ತೊಳೆಯಲು ಕೂತಳು. ನಾನು ನೀರು ಹಾಕಿಕೊಡಲು ಹೋದೆ. ಕಾವಲಿ ತಿಕ್ಕುತ್ತ, ನನಗೆ ಬೆನ್ನು ಹಾಕಿಯೇ ಶುರು ಮಾಡಿದಳು.

"ನಿನಗೆ ಗೊತ್ತುಂಟಲ್ಲ, ನಾನು ನಗಾಡಿದ್ದು."

ಎಂತ ಎಂದೆ. ಅರ್ಥ ಆಗಲಿಲ್ಲ.

"ನೀನು ಎಡಕ್ಕೆ ಎಂದೆ. ನಾನು ತಲೆ ಎತ್ತಿದೆ. ನೀನು ಕ್ಯಾಮೆರಾ ಹಿಡಿದು ನಿಂತಿದ್ದೆ. ಆಯುಷ್ಯ ಇಡೀ ಫೋಟೊಕ್ಕೆ ನಿಂತಾಗ ಎಂತ ಮಾಡ್ತೇನೋ ಅದನ್ನೇ ಮಾಡಿದೆ ಪುತಾ. ಪಪ್ಪಾ ಪೆಟ್ಟಿಗೆಯಲ್ಲಿ ಇರುವಾಗ ನಗಾಡಿದೆ. ಪುನಃ ತಿರುಗುವಾಗ ಮುಚ್ಚಿ ಆಗಿತ್ತು."

ಕುವೈಟಿನಿಂದ ನಮ್ಮ ಸಂಬಂಧದ ಎಸ್ತೆರ್ ಬಾಯಿ ಏಳನೇ ದಿನಕ್ಕೆ ಫೋನ್ ಮಾಡಿ, ನಿಮ್ಮ ಧೈರ್ಯ ದೊಡ್ಡದು, ಆ ಹೊತ್ತಿಗೂ ನಗಾಡಿದಿರಿ, ನಾವು ಇಲ್ಲಿ ನೋಡಿ ಅತ್ತೆವು ಎಂದರಂತೆ. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತೇ. ಮಮ್ಮಿ ಮರುದಿನ ಬಟ್ಟೆ ಕಟ್ಟಿಕೊಂಡು ಬಜಪೆಗೆ ಬಂದಳು. ನಾನು ದಿನಾ ಆ ವಿಡಿಯೋ ಹಾಕಿ ನೋಡುತ್ತೇನೆ ಎಂದು ಶರೊನ್ ಯಾವಾಗಲೋ ಹೇಳಿದ್ದಾಳೆ. ಇವನು ದಿನಾ ನನ್ನ ನಗು ನೋಡ್ತಾನೆ, ಯಾವ ಮುಖ ಇಟ್ಟುಕೊಂಡು ಇವನ ಎದುರು ಕೂರಲಿ ಎಂದು ಇಷ್ಟು ದಿನ ನನ್ನಿಂದ ಅಡಗಿಕೊಂಡದ್ದಂತೆ. ಸಿಟ್ಟಲ್ಲ. ಸಿಟ್ಟು ಇರಲೇ ಇಲ್ಲ. ನಾಚಿಕೆ.

ನಾನು ಅದನ್ನು ನೋಡಲಿಲ್ಲ ಎಂದೆ. ಸುಳ್ಳು ಹೇಳಬೇಡ ಎಂದಳು.

"ಅರುವತ್ತಮೂರು ಸಲ ನೋಡಿದ್ದೇನೆ ಮಮ್ಮಿ. ನಿನ್ನನ್ನು ನೋಡಲಿಲ್ಲ."

ಅವಳು ತಿರುಗಿ ನನ್ನ ಮುಖ ನೋಡಿದಳು, ಕೈಯಲ್ಲಿ ಸೋಪಿನ ನೊರೆ. ಆಮೇಲೆ, "ಹಾಗಾದರೆ ಈಗ ನೋಡು. ಇದ್ದದ್ದು ಇದ್ದ ಹಾಗೆ ಬಂದು ಹೇಳು. ನನಗೆ ತೋರಿಸಬೇಡ" ಎಂದಳು.

ಸೆಪ್ಟೆಂಬರ್ 9, ಮಂಗಳವಾರ

ಬೆಳಿಗ್ಗೆ ಹತ್ತಕ್ಕೆ ಹಾಕಿದೆ. ಸೌಂಡಿನ ಗೆರೆಯ ಮೇಲೆ ಒಂದು ರಟ್ಟು ಅಂಟಿಸಿದೆ.

ಉಂಟು. ಶಾಲು ಏಳುತ್ತದೆ, ಮಮ್ಮಿ ತಲೆ ಎತ್ತುತ್ತಾಳೆ. ಕಣ್ಣು ಊದಿದೆ, ಮೂಗಿನ ತುದಿ ಒದ್ದೆ. ಮೊದಲು ಅವಳಿಗೆ ಏನೂ ತಿಳಿಯುವುದಿಲ್ಲ, ಯಾರು ಕರೆದದ್ದೆಂದು ಹುಡುಕುತ್ತಾಳೆ. ನಾನು ಕಾಣುತ್ತೇನೆ. ಕೂಡಲೇ ಒಂದು ಕೈ ತಲೆಗೆ ಹೋಗಿ ಶಾಲು ಸರಿಮಾಡುತ್ತದೆ, ಗದ್ದ ಸ್ವಲ್ಪ ಮೇಲೆ ಬರುತ್ತದೆ, ತುಟಿ ಅಗಲವಾಗುತ್ತದೆ. ನನ್ನ ಮೊದಲ ಪರಮಪ್ರಸಾದದ ಫೋಟೊದಲ್ಲಿ, ನನ್ನ ಮದುವೆಯ ಆಲ್ಬಮ್ಮಿನಲ್ಲಿ, ಎಲ್ಲದರಲ್ಲಿ ಇದೇ ನಗು. ಒಂದೂವರೆ ಸೆಕೆಂಡು. ಅವಳ ಹಿಂದೆ ಪಪ್ಪಾ ಮಲಗಿದ್ದಾರೆ. ಕ್ಷೌರ ಮಾಡಿದವನು ಗದ್ದದ ಕೆಳಗೆ ನಾಲ್ಕು ಬಿಳಿ ಕೂದಲು ಬಿಟ್ಟಿದ್ದಾನೆ. ಹುಬ್ಬು ಸ್ವಲ್ಪ ಎತ್ತಿದ ಹಾಗೆ ಇದೆ, ಯಾರದೋ ತಪ್ಪು ಉತ್ತರ ಕೇಳಿದವರ ಹಾಗೆ.

ನಾನು ಅತ್ತೆ. ಬಾಯಿ ಬಿಟ್ಟು ಅತ್ತೆ. ಶರೊನ್ ನೈಟ್ ಡ್ಯೂಟಿ ಮುಗಿಸಿ ಮಲಗಿದ್ದವಳು ಎದ್ದು ಬಂದು ಬಾಗಿಲಲ್ಲಿ ನಿಂತಳು. ಹೊಟ್ಟೆ ನೋಯುವಷ್ಟು ಅತ್ತೆ. ಪಪ್ಪಾ ಇಲ್ಲ.

ಸೆಪ್ಟೆಂಬರ್ 10, ಬುಧವಾರ

ಬಜಪೆಗೆ ಹೋಗಿ ಹೇಳಿದೆ. ಉಂಟು ಮಮ್ಮಿ, ಒಂದೂವರೆ ಸೆಕೆಂಡು ಉಂಟು ಎಂದೆ. ಪಪ್ಪಾನ ಗದ್ದದ ಕೂದಲು, ಹುಬ್ಬು ಎಲ್ಲ ಹೇಳಿದೆ. ಹುಬ್ಬಿನ ವಿಷಯಕ್ಕೆ ಹೌದು ಹೌದು ಎಂದಳು. ಅತ್ತಳು, ನಾನೂ ಪಕ್ಕದಲ್ಲಿ ಕೂತು ಅತ್ತೆ. ಆಮೇಲೆ ನನಗೆ ತಿಳಿದ ಒಂದೇ ಉಪಾಯ ಹೇಳಿದೆ, ಆ ತುಂಡನ್ನು ತೆಗೆಯಲಿಕ್ಕಾಗುತ್ತದೆ, ಹತ್ತು ನಿಮಿಷದ ಕೆಲಸ ಎಂದು.

ನಿನ್ನ ಸ್ವರವನ್ನೂ ತೆಗೆಯಲಿಕ್ಕಾಗ್ತದಾ ಎಂದು ಮಮ್ಮಿ ಕೇಳಿದಳು. ಆಗುತ್ತದೆ ಎಂದೆ.

"ಹಾಗಾದ್ರೆ ನಿನ್ನದು ತೆಗಿ. ನನ್ನದು ಇರಲಿ. ತಾಯಿಗೆ ಹಾಗೆ ಹೇಳಿದ ಎಂದು ನಿನ್ನನ್ನು ಯಾರೂ ಹೇಳುವುದು ಬೇಡ."

ಆಯಿತು ಎಂದೆ. ಶನಿವಾರ ಬಂದು ಕರೆದುಕೊಂಡು ಹೋಗು, ಟಾನ್ಯಾನ ಮನೆಯ ಸಾರಿಗೆ ಹುಳಿ ಜಾಸ್ತಿ ಎಂದಳು.

ಮನೆಗೆ ಬಂದು ಕೂತು ನನ್ನ ಸ್ವರ ತೆಗೆದೆ. ತೆಗೆದು ಒಮ್ಮೆ ಹಾಕಿ ನೋಡಿದೆ. ಸ್ವರ ಇಲ್ಲದಿದ್ದರೆ ಗಂಡನ ಪೆಟ್ಟಿಗೆಯ ಎದುರು ಒಬ್ಬಳು ಹೆಂಗಸು ಸುಮ್ಮನೆ ತಲೆ ಎತ್ತುತ್ತಾಳೆ, ಯಾರೂ ಕರೆಯದೆ, ಯಾರಿಗೂ ಅಲ್ಲದೆ ನಗುತ್ತಾಳೆ. ಕ್ಯಾಮೆರಾಕ್ಕೆ ನಕ್ಕೆ ಎಂದು ಮಮ್ಮಿ ತಿಳಿದಿದ್ದಾಳೆ. ಅಲ್ಲ. ಅವಳು ನಕ್ಕದ್ದು ನನಗೆ.

ತೆಗೆದದ್ದನ್ನು ಪುನಃ ಹಾಕಿದೆ. ಶನಿವಾರ ಅವಳಿಗೂ ಹೇಳುತ್ತೇನೆ, ಬೈದರೆ ಬೈಯಲಿ. ಮಗ ಕರೆದದ್ದಕ್ಕೆ ನಕ್ಕಳು ಎಂದು ನೋಡುವವರಿಗೆ ಗೊತ್ತಾಗಬೇಕು.